ಹಾಜರಿ ಹಾಕಿದವರ ಲೆಕ್ಕ

ಕಳ್ಳರನ್ನ ಒಳಗ ಹಾಕಿದ್ರ ಊರು ಸುಮ್ನಿರ್ತದ ಅಂತ ನಮ್ಮ ದಂಡೋತಿಯ ಕಟ್ಟೆ ಮೇಲೆ ಕುಂತವರು ಈಗಲೂ ಹೇಳುತ್ತಾರೆ. ಸರಿ, ಹಾಕಿದರು. ಒಬ್ಬಿಬ್ಬರನ್ನಲ್ಲ, ಜಾತಿಗೆ ಜಾತಿಯನ್ನೇ ಹಾಕಿದರು. ಏನಾಯ್ತು? ನಮ್ಮ ಮನೆತನಗಳಲ್ಲಿ ಮೊದಲು ಕಾಲೇಜು ಹತ್ತಿದ ನಮಗೆ ಯಾವ ಪಠ್ಯಪುಸ್ತಕವೂ ಈ ಲೆಕ್ಕ ಹೇಳಲಿಲ್ಲ.

1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. 1911ರಲ್ಲಿ ಅದು ಇಡೀ ಬ್ರಿಟಿಷ್ ಇಂಡಿಯಾಕ್ಕೆ ಹಬ್ಬಿತು. ನಮ್ಮ ಸೀಮೆಯನ್ನಾಳುತ್ತಿದ್ದ ನಿಜಾಮರೂ ಅಂಥದೇ ಕಾನೂನು ಇಟ್ಟುಕೊಂಡಿದ್ದರು. ಕೊರಮ, ಕೈಕಾಡಿ, ಘಂಟಿಚೋರ, ಹರಣಶಿಕಾರಿ: ಈ ಮನೆಗಳಲ್ಲಿ ಹುಟ್ಟಿದ್ದೇ ಗುನ್ಹೆ. ಬೆರಳಚ್ಚು ಕೊಡಬೇಕು, ಠಾಣೆಗೆ ಹಾಜರಿ ಹಾಕಬೇಕು. ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲಮೆಂಟುಗಳೆದ್ದವು.

ಇವರು ಮೊದಲಿನಿಂದ ಕಳ್ಳರೇ? ಕೊರಮರು, ಲಂಬಾಣಿಗರು ಎತ್ತು, ಕತ್ತೆಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರು ತಿರುಗಿದವರು. 1870ರ ದಶಕದಲ್ಲಿ ನಮ್ಮ ವಾಡಿಯ ಮೇಲೆ ರೈಲು ಬಂತು. ಉಪ್ಪು ಸರ್ಕಾರದ ಮುಷ್ಟಿಯಲ್ಲಿತ್ತು. ಹೇರೆತ್ತಿನ ಬದುಕು ಮುರಿದವರೇ ಅಲೆಯುವವರನ್ನ ಅಪರಾಧಿ ಎಂದರು!

ಸೆಟ್ಲಮೆಂಟಿನಿಂದ ಲಾಭವೇ ಇರಲಿಲ್ಲವೆ? ಇತ್ತು, ಸುಳ್ಳು ಯಾಕೆ ಹೇಳೋಣ. ಒಂದಿಷ್ಟು ಮಕ್ಕಳು ಅಕ್ಷರ ಕಲಿತರು. ಒಳಗಿದ್ದವನು ಹೊರಗಿನ ಮನೆಗೆ ಕನ್ನ ಹಾಕಲಾರ, ಅದೂ ಖರೆ. ಆದರೆ ಹೆಚ್ಚು ಲಾಭ ಯಾರಿಗೆ? ಗಿರಣಿಗೆ, ರೈಲ್ವೆಗೆ, ಬಿಟ್ಟು ಓಡಲಾರದ ಆಳು ಸಿಕ್ಕರು. ತೆತ್ತವರೋ, ಕನ್ನ ಹಾಕದೇ ಇದ್ದವರೂ ಸೇರಿ, ಎಲ್ಲರೂ. 1924ರ ಕಾಯ್ದೆಯಲ್ಲಿ ಇವರು ಗೊತ್ತುಪಡಿಸಿದ ಕೆಲವು ಅಪರಾಧಗಳಲ್ಲಿ ಎರಡನೇ ಸಲ ಸಿಕ್ಕರೆ ಕನಿಷ್ಠ ಏಳು ವರ್ಷ, ಮೂರನೇ ಸಲ ಜೀವಾವಧಿ ಗಡೀಪಾರು. ಶಿಕ್ಷೆಯ ಭಯ ಕೆಲಸ ಮಾಡುವುದು ಬೇರೆ ದಾರಿ ಇದ್ದವನಿಗೆ. ಹಾಜರಿ ತಪ್ಪಿಸದೆ ಪರವೂರಿಗೆ ಕೂಲಿಗೆ ಹೋಗೋದು ಹ್ಯಾಂಗ? ಬೇಲಿಯೇ ದುಡಿಯುವ ದಾರಿಗೆ ಅಡ್ಡ ಬಿತ್ತು.

ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರ ಆಗಸ್ಟ್ 31ಕ್ಕೆ, ಕಾಯ್ದೆ ರದ್ದಾಯಿತು. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ನಮ್ಮ ರಾಜ್ಯದ್ದು 1961ರದು. ಜಾತಿಯ ಹೆಸರು ತೆಗೆದರು, ಪೊಲೀಸರ ರಿಜಿಸ್ಟರು ಉಳಿಯಿತು.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣೆ ಮುಗಿಯದವರು. ತಪ್ಪು ಸಾಬೀತಾಗುವ ಮೊದಲೇ ಇವರ ಮನೆಯ ಒಲೆ ಆರಿರುತ್ತದೆ. ಆ ಖರ್ಚು ಯಾವ ಬಜೆಟ್ಟಿನಲ್ಲಿದೆ? 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲಿನೊಳಗೆ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ಹೊಡೆದುಹಾಕಿತು. ಅಲ್ಲಿಯತನಕ ಕೆಲವು ರಾಜ್ಯಗಳ ಕೈಪಿಡಿಗಳಲ್ಲಿ ಅಡುಗೆ ಮೇಲಿನವರಿಗೆ, ಪೊರಕೆ ನಮ್ಮವರಿಗೆ.

ಹುಬ್ಬಳ್ಳಿಯ ಆ ವಸಾಹತನ್ನ ಜನ ಈಗಲೂ ಸೆಟ್ಲಮೆಂಟ್ ಅಂತಲೇ ಕರೀತಾರ.