ಅಲ್ಪಾವಧಿ ಮಿಷನ್ ಸೇವೆ: ನೇಪಾಳದ ಬೆಟ್ಟನಾಡಿನಲ್ಲಿ

ಕ್ರೈಸ್ತ ಸಭೆ ಅಥವಾ ಮಿಷನ್ ಸಂಸ್ಥೆಯ ಮೂಲಕ ಹೊರನಾಡಿನಲ್ಲಿ ಕೆಲವು ವಾರಗಳಿಂದ ಒಂದೆರಡು ವರ್ಷಗಳವರೆಗೆ ಸಲ್ಲಿಸುವ ಸೇವೆಗೆ ಅಲ್ಪಾವಧಿ ಮಿಷನ್ ಎನ್ನುತ್ತಾರೆ. ಚಿಕಿತ್ಸೆ, ಪಾಠ, ಕಟ್ಟಡ ಕೆಲಸ, ಕುಡಿಯುವ ನೀರಿನ ವ್ಯವಸ್ಥೆ, ವಿಕೋಪ ಪರಿಹಾರ, ಧರ್ಮಪ್ರಚಾರ ಇದರ ಮುಖ್ಯ ಬಗೆಗಳು. ರಸ್ತೆ, ಆಸ್ಪತ್ರೆಗಳು ದೂರವಿರುವ ಬೆಟ್ಟದ ಹಳ್ಳಿಗಳಲ್ಲಿ ಈ ಸೇವೆಯ ಉಪಯೋಗವೂ ಮಿತಿಯೂ ಸ್ಪಷ್ಟವಾಗಿ ಕಾಣುತ್ತವೆ. ನೇಪಾಳದ ಅನುಭವ ಇದಕ್ಕೆ ಒಳ್ಳೆಯ ನಿದರ್ಶನ.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಯಾಗುವುದೆಂದರೆ ಬಾಳನ್ನೇ ಅದಕ್ಕೆ ಮುಡಿಪಿಡುವುದು. ಬಾಸೆಲ್ ಮಿಷನ್ನಿನ ಫರ್ಡಿನಂಡ್ ಕಿಟ್ಟೆಲ್ 1853ರಲ್ಲಿ ಕರ್ನಾಟಕಕ್ಕೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ಎರಡನೆಯ ಮಹಾಯುದ್ಧದ ನಂತರ ವಿಮಾನ ಪ್ರಯಾಣ ಸುಲಭವಾದಂತೆ ರಜೆಯ ಅವಧಿಯಲ್ಲೇ ಹೋಗಿ ಬರುವ ಸೇವೆ ಬೆಳೆಯಿತು. 1957ರಲ್ಲಿ ಜಾರ್ಜ್ ವರ್ವರ್ ಮತ್ತು ಸಹಪಾಠಿಗಳು ಮೆಕ್ಸಿಕೋಗೆ ಕೈಗೊಂಡ ಯಾತ್ರೆಯಿಂದ ಆಪರೇಷನ್ ಮೊಬಿಲೈಸೇಷನ್ ಹುಟ್ಟಿತು. 1960ರಲ್ಲಿ ಲೋರೆನ್ ಕನಿಂಗ್‌ಹ್ಯಾಮ್ ಯೂತ್ ವಿತ್ ಎ ಮಿಷನ್ ಸ್ಥಾಪಿಸಿದರು. ಮಾನವಶಾಸ್ತ್ರಜ್ಞ ರಾಬರ್ಟ್ ಪ್ರೀಸ್ಟ್ ಅವರ ಅಂದಾಜಿನಂತೆ ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಅಮೆರಿಕವೊಂದರಿಂದಲೇ ವರ್ಷಕ್ಕೆ 15 ಲಕ್ಷಕ್ಕೂ ಹೆಚ್ಚು ಮಂದಿ ಇಂಥ ಸೇವೆಗಾಗಿ ಹೊರದೇಶಗಳಿಗೆ ಹೋಗುತ್ತಿದ್ದರು.

ತಾನ್ಸೇನ್: ವಾರಗಳಿಂದ ದಶಕಗಳಿಗೆ

ಹದಿನೆಂಟನೆಯ ಶತಮಾನದಲ್ಲಿ ಕಠ್ಮಂಡು ಕಣಿವೆಯಲ್ಲಿದ್ದ ಕಪುಚಿನ್ ಪಾದ್ರಿಗಳು ಗೋರ್ಖಾದ ದೊರೆ ಪೃಥ್ವಿನಾರಾಯಣ ಶಾಹ ಆ ಕಣಿವೆಯನ್ನು ಗೆದ್ದ ನಂತರ ಹೊರಬಿದ್ದರು. ಆಮೇಲೆ 1951ರಲ್ಲಿ ರಾಣಾ ಆಡಳಿತ ಕೊನೆಗಾಣುವ ತನಕ ನೇಪಾಳದ ಬಾಗಿಲು ಮಿಷನರಿಗಳಿಗೆ ಮುಚ್ಚಿತ್ತು. ಆ ಆಡಳಿತದ ಕೊನೆಯ ದಿನಗಳಲ್ಲಿ, 1949ರಲ್ಲಿ, ಮಸ್ಸೂರಿಯ ವುಡ್‌ಸ್ಟಾಕ್ ಶಾಲೆಯ ಅಧ್ಯಾಪಕ, ಪಕ್ಷಿತಜ್ಞ ರಾಬರ್ಟ್ ಫ್ಲೆಮಿಂಗ್ ಹಕ್ಕಿಗಳ ಅಧ್ಯಯನಕ್ಕೆ ಅನುಮತಿ ಪಡೆದು ಕಾಳಿಗಂಡಕಿ ಕಣಿವೆಗೆ ಹೋದರು. ತಂಡದಲ್ಲಿ ವೈದ್ಯ ಕಾರ್ಲ್ ಟೇಲರ್ ಇದ್ದರು. 1951-52ರ ಚಳಿಗಾಲದಲ್ಲಿ ಫ್ಲೆಮಿಂಗ್ ಮತ್ತೆ ಬಂದಾಗ, ಅವರ ಪತ್ನಿ ಡಾ. ಬೆಥೆಲ್ ಫ್ಲೆಮಿಂಗ್ ಮತ್ತು ಡಾ. ಕಾರ್ಲ್ ಫ್ರೆಡರಿಕ್ಸ್ ಪಾಲ್ಪಾ ಜಿಲ್ಲೆಯ ಬೆಟ್ಟದೂರು ತಾನ್ಸೇನ್‌ನಲ್ಲಿ ಕೆಲವು ವಾರ ಚಿಕಿತ್ಸಾಲಯ ನಡೆಸಿದರು. ಅದನ್ನು ಕಂಡ ಊರವರೇ ಇಲ್ಲೊಂದು ಆಸ್ಪತ್ರೆ ಬೇಕೆಂದು ಕೇಳಿದರು. 1953ರಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿತು. ಖರ್ಚೆಲ್ಲ ಮಿಷನ್ನಿನದೇ ಆಗಬೇಕು, ನೇಪಾಳಿಗಳಿಗೆ ತರಬೇತಿ ಕೊಡಬೇಕು ಎಂಬ ಷರತ್ತುಗಳಿದ್ದವು. 1954ರಲ್ಲಿ ಹಲವು ಮಿಷನ್‌ಗಳು ಕೂಡಿ ಯುನೈಟೆಡ್ ಮಿಷನ್ ಟು ನೇಪಾಳ್ ಸಂಸ್ಥೆಯನ್ನು ಕಟ್ಟಿದವು.

ತಾನ್ಸೇನ್ ಆಸ್ಪತ್ರೆಯನ್ನು ಕಟ್ಟಲು 1958ರಲ್ಲಿ ಬಂದ ನಾರ್ವೆಯ ಎಂಜಿನಿಯರ್ ಒಡ್ ಹೊಫ್ತುನ್, ಕೆಲಸ ಮುಗಿದ ಮೇಲೂ ದೇಶದ ಕೈ ಬಿಡಲಿಲ್ಲ. 1963ರಲ್ಲಿ ಬುಟವಲ್ ತಾಂತ್ರಿಕ ಸಂಸ್ಥೆಯನ್ನು ಆರಂಭಿಸಿ, ಸ್ಥಳೀಯ ಯುವಕರಿಗೆ ಕಸುಬು ಕಲಿಸಿ, ಅವರ ಕೈಯಿಂದಲೇ ತಿನಾವು ನದಿಗೆ ಜಲವಿದ್ಯುತ್ ಯೋಜನೆ ರೂಪಿಸಿದರು. ಕಠ್ಮಂಡು ಕಣಿವೆಯಲ್ಲಿ ಯುನೈಟೆಡ್ ಮಿಷನ್ ಟು ನೇಪಾಳ್ ನಡೆಸುತ್ತಿದ್ದ ಶಾಂತಾ ಭವನ ಆಸ್ಪತ್ರೆ 1982ರಲ್ಲಿ ಪಾಟನ್ ಆಸ್ಪತ್ರೆಯಾಗಿ ಬೆಳೆಯಿತು.

ಸೇವೆಯ ರೀತಿ

ಇಂದು ನೇಪಾಳದ ಮಿಷನ್ ಆಸ್ಪತ್ರೆಗಳಿಗೆ ಅಲ್ಪಾವಧಿಗೆ ಬರುವವರಲ್ಲಿ ತಜ್ಞ ವೈದ್ಯರು, ವೈದ್ಯ ವಿದ್ಯಾರ್ಥಿಗಳು, ಉಪಕರಣ ದುರಸ್ತಿ ಬಲ್ಲವರು ಇರುತ್ತಾರೆ. ಹೊರದೇಶದ ವೈದ್ಯರು ನೇಪಾಳ ಮೆಡಿಕಲ್ ಕೌನ್ಸಿಲ್‌ನಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಬೇಕು. ಪ್ರವಾಸಿ ವೀಸಾದ ಮೇಲೆ ಕೆಲಸ ಮಾಡುವಂತಿಲ್ಲ, ಸ್ವಯಂಸೇವೆಗೂ ಈ ನಿಯಮ ಅನ್ವಯಿಸುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವುದು ಸಾಮಾನ್ಯ. ಸುಮಾರು 2,500 ಮೀಟರಿಗಿಂತ ಎತ್ತರದ ಹಳ್ಳಿಗೆ ಹೋಗುವವರು ತಲೆನೋವು, ವಾಂತಿಯಿಂದ ಶುರುವಾಗುವ ಎತ್ತರದ ಕಾಯಿಲೆಯನ್ನು ಲಘುವಾಗಿ ಕಾಣುವಂತಿಲ್ಲ. ನಿಧಾನವಾಗಿ ಏರುವುದು, ತೊಂದರೆ ಹೆಚ್ಚಿದರೆ ಕೂಡಲೇ ಕೆಳಗಿಳಿಯುವುದು ಇದಕ್ಕೆ ಉಪಾಯ. ನೇಪಾಳಿ ಭಾಷೆ ಬಾರದವರಿಗೆ, ಆ ಭಾಷೆಯ ಜೊತೆಗೆ ಮಗರ್, ತಮಾಂಗ್, ಗುರುಂಗ್ ಮುಂತಾದ ಮನೆಮಾತುಗಳೂ ಇರುವ ಊರುಗಳಲ್ಲಿ ಸ್ಥಳೀಯ ದಾದಿ, ಆರೋಗ್ಯ ಸಹಾಯಕರೇ ಆಧಾರ. ರೋಗಿಯ ಮಾತನ್ನು ತಿಳಿಸುವವರೂ, ಅತಿಥಿ ವೈದ್ಯ ಹೊರಟ ಮೇಲೆ ರೋಗಿಯನ್ನು ನೋಡಿಕೊಳ್ಳುವವರೂ ಅವರೇ. ಆರಾಧನೆಯೂ ಊರಿನ ಕ್ರಮದಂತೆಯೇ ನಡೆಯುತ್ತದೆ: ವಾರದ ರಜೆ ಶನಿವಾರವಾಗಿ ಬಂದ ಕಾರಣ ನೇಪಾಳದ ಸಭೆಗಳು ಸಾಮಾನ್ಯವಾಗಿ ಅಂದೇ ಕೂಡುತ್ತವೆ.

ಕಾನೂನು

2015ರ ಸಂವಿಧಾನದ 26ನೆಯ ವಿಧಿ ಧರ್ಮಸ್ವಾತಂತ್ರ್ಯ ಕೊಡುತ್ತದೆ, ಇನ್ನೊಬ್ಬರನ್ನು ಮತಾಂತರಿಸುವುದನ್ನು ನಿಷೇಧಿಸುತ್ತದೆ. 2017ರ ದಂಡಸಂಹಿತೆ ಇದಕ್ಕೆ ಐದು ವರ್ಷಗಳವರೆಗೆ ಸೆರೆವಾಸ ಮತ್ತು 50,000 ನೇಪಾಳಿ ರೂಪಾಯಿಗಳವರೆಗೆ ದಂಡ ವಿಧಿಸುತ್ತದೆ. ತಪ್ಪಿತಸ್ಥ ವಿದೇಶಿಯರನ್ನು ಗಡೀಪಾರು ಮಾಡಲಾಗುತ್ತದೆ. ಅತಿಥಿಯೊಬ್ಬನ ಅವಸರದ ಪ್ರಚಾರದ ಫಲವನ್ನು ಉಣ್ಣಬೇಕಾದವರು ಊರಿನಲ್ಲೇ ಉಳಿಯುವ ಕ್ರೈಸ್ತ ಕುಟುಂಬಗಳು. 2021ರ ಜನಗಣತಿಯಂತೆ ಕ್ರೈಸ್ತರು ಜನಸಂಖ್ಯೆಯ ಶೇ. 1.76ರಷ್ಟಿದ್ದಾರೆ.

ಟೀಕೆ ಮತ್ತು ಮೌಲ್ಯಮಾಪನ

ಅಲ್ಪಾವಧಿ ಸೇವೆಯ ಮೇಲಿನ ಮುಖ್ಯ ಟೀಕೆ ಬಂದದ್ದು ಮಿಷನ್ ವಲಯದ ಒಳಗಿನಿಂದಲೇ. 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸ್‌ನಲ್ಲಿ ಕಟ್ಟಿದ ಮನೆಗಳನ್ನು ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್ ಅಧ್ಯಯನ ಮಾಡಿದರು. ಒಂದು ಮನೆಗೆ ತಗಲುತ್ತಿದ್ದ ವೆಚ್ಚ ಸುಮಾರು 2,000 ಡಾಲರ್. ಅದನ್ನು ಕಟ್ಟಲು ಬರುವ ತಂಡದ ಖರ್ಚು ಸುಮಾರು 30,000 ಡಾಲರ್. ವಿದೇಶಿ ತಂಡ ಕಟ್ಟಿದ ಮನೆಯಲ್ಲಿರಲಿ, ಸ್ಥಳೀಯರು ಕಟ್ಟಿದ ಮನೆಯಲ್ಲಿರಲಿ, ಅಲ್ಲಿ ಬಾಳುವವರ ಬದುಕಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಸ್ವಯಂಸೇವಕರ ಜೀವನದಲ್ಲಿ ನಿರೀಕ್ಷಿಸಿದ ಬದಲಾವಣೆಯೂ ಅಷ್ಟಾಗಿ ಉಳಿಯಲಿಲ್ಲ. 2009ರಲ್ಲಿ ಸ್ಟೀವ್ ಕಾರ್ಬೆಟ್ ಮತ್ತು ಬ್ರಯನ್ ಫಿಕ್ಕರ್ಟ್ ಬರೆದ 'ವೆನ್ ಹೆಲ್ಪಿಂಗ್ ಹರ್ಟ್ಸ್' ಕೃತಿ, ವಿಕೋಪದ ವೇಳೆಯ ತುರ್ತು ನೆರವನ್ನೂ ದೀರ್ಘಕಾಲದ ಅಭಿವೃದ್ಧಿಯನ್ನೂ ಬೆರೆಸಬಾರದೆಂದು ವಾದಿಸಿತು. ಸುಮಾರು 9,000 ಜನರನ್ನು ಬಲಿತೆಗೆದುಕೊಂಡ ಏಪ್ರಿಲ್ 2015ರ ಗೋರ್ಖಾ ಭೂಕಂಪ ಈ ಭೇದವನ್ನು ನೇಪಾಳದಲ್ಲಿ ತೋರಿಸಿತು. ಡೇರೆ, ತಗಡು, ಅಕ್ಕಿ ಮೊದಲ ವಾರಗಳ ಅಗತ್ಯ. ಮರಳಿ ಮನೆ ಕಟ್ಟುವುದಕ್ಕೆ ವರ್ಷಗಳು ಬೇಕಾದವು, ಊರಿನ ಗಾರೆಯವರು, ಬಡಗಿಗಳು ಬೇಕಾದರು.

ತಾನ್ಸೇನ್‌ನಲ್ಲಿ ವೈದ್ಯರಿಬ್ಬರು ಮೊದಲ ಸಲ ಇದ್ದದ್ದು ಕೆಲವೇ ವಾರ. ಊರವರ ಬೇಡಿಕೆ, ಸರ್ಕಾರದ ಒಪ್ಪಿಗೆ, ನೇಪಾಳಿಗಳಿಗೆ ಕೊಟ್ಟ ತರಬೇತಿ ಅದರ ಹಿಂದೆಯೇ ಬಂದದ್ದರಿಂದ ಆ ಕೆಲಸ ನೆಲೆನಿಂತಿತು. ಆದ್ದರಿಂದ ಬೆಟ್ಟದ ಹಳ್ಳಿಗೆ ಹೊರಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ನಮ್ಮನ್ನು ಕರೆದವರು ಯಾರು, ನಾವು ಯಾರ ಕೈಕೆಳಗೆ ದುಡಿಯುತ್ತೇವೆ, ನಾವು ಹೊರಟ ಮೇಲೆ ಈ ಕೆಲಸವನ್ನು ಯಾರು ಮುಂದುವರಿಸುತ್ತಾರೆ? ಮೂರಕ್ಕೂ ಊರಿನವರ ಹೆಸರೇ ಉತ್ತರವಾದಲ್ಲಿ ಅಲ್ಪಾವಧಿಯ ಸೇವೆಯೂ ಸಾರ್ಥಕವಾಗುತ್ತದೆ.