ಗಂಜಾಮಿನ ಇಗರ್ಜಿ

ಕೆಂಗೇರಿ ಉಪನಗರದಲ್ಲಿ ವಾಸಿಸುವ ನನ್ನಂಥವರಿಗೆ ಮೈಸೂರು ರಸ್ತೆಯೆಂದರೆ ಮನೆಯ ಮುಂದಿನ ಬೀದಿ ಇದ್ದಂತೆ. ರಜೆ ಬಂತೆಂದರೆ ನೆರೆಹೊರೆಯವರು ಅದೇ ದಾರಿ ಹಿಡಿದು ಶ್ರೀರಂಗಪಟ್ಟಣದ ಗಂಜಾಮಿಗೆ ಹೋಗಿ ನಿಮಿಷಾಂಬೆಯ ದರ್ಶನ ಮಾಡುತ್ತಾರೆ. ಉತ್ಸಾಹವುಳ್ಳವರು ಹೈದರನೂ ಟಿಪ್ಪುವೂ ಮಲಗಿರುವ ಗುಂಬಜನ್ನೂ ನೋಡಿ ಬರುತ್ತಾರೆ. ಅದೇ ಗಂಜಾಮಿನಲ್ಲಿ ಇನ್ನೂರು ವರ್ಷ ಮೀರಿದ ಒಂದು ಇಗರ್ಜಿಯೂ ಇದೆಯೆಂದರೆ ‘ಹೌದೇ?’ ಎಂದು ಹುಬ್ಬೇರಿಸುತ್ತಾರೆ. ಮೈಸೂರಿನ ಸೇಂಟ್ ಫಿಲೋಮಿನಾದ ವೈಭವ ಇದಕ್ಕಿಲ್ಲ. ಇದರ ಹಿರಿಮೆ ಇದರ ಚರಿತ್ರೆಯಲ್ಲಿದೆ.

ಗಂಜಾಂ ಟಿಪ್ಪು ಬೆಳೆಸಿದ ಪೇಟೆ. ಶಿರಾದಿಂದ ಸಾವಿರಾರು ಕುಟುಂಬಗಳನ್ನು ಕರೆತಂದು ಇಲ್ಲಿ ನೆಲೆಗೊಳಿಸಿದನೆಂದು ಗ್ಯಾಸೆಟಿಯರು ಹೇಳುತ್ತದೆ. ಈ ಊರಿನ ಅಂಜೂರಕ್ಕೂ ಒಂದು ಕಾಲದಲ್ಲಿ ಒಳ್ಳೆಯ ಹೆಸರಿತ್ತು. ಕ್ರೈಸ್ತರು ಈ ಸೀಮೆಗೆ ಬಂದುದಾದರೋ ಇನ್ನೂ ಹಿಂದೆ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಎಂದರೆ 17ನೆಯ ಶತಮಾನದ ನಡುವಿನಲ್ಲಿ, ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಜೆಸ್ವಿಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡಕ್ಕೆ ವ್ಯಾಕರಣವನ್ನೂ ಕೋಶವನ್ನೂ ರಚಿಸಿದನು. ಪಾದ್ರಿ, ಇಗರ್ಜಿ ಎಂಬ ಮಾತುಗಳು ಪೋರ್ಚುಗೀಸಿನಿಂದ ಬಂದು ನಮ್ಮವೇ ಆಗಿಹೋದುವು.

1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅಳಿದವರು ಅನೇಕರು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಉಳಿದವರಿಗೆ ಬಿಡುಗಡೆಯಾಯಿತು. ಹೀಗೆ ಚದರಿಹೋಗಿದ್ದ ಕ್ರೈಸ್ತ ಸಮಾಜವನ್ನು ಮತ್ತೆ ಕೂಡಿಸಲು ಬಂದವನೇ ಗಂಜಾಮಿನ ಇಗರ್ಜಿಗೆ ಹೆಸರು ತಂದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ. ಕನ್ನಡದಲ್ಲಿ ‘ಅಬ್ಬೆ’ ಎಂದರೆ ತಾಯಿ. ಫ್ರೆಂಚಿನಲ್ಲಿ ಅದು ಪಾದ್ರಿಗಳ ಬಿರುದು, ಅದರ ಮೂಲದ ಅರ್ಥ ತಂದೆ!

ದುಬುವಾ 1792ರಲ್ಲಿ ಫ್ರಾನ್ಸನ್ನು ಬಿಟ್ಟವನು. ಇಲ್ಲಿಯವರಂತೆ ಉಟ್ಟು, ಇಲ್ಲಿಯವರಂತೆ ಉಂಡು ಬಾಳಿದನು. ಜನ ಅವನನ್ನು ‘ದೊಡ್ಡಸ್ವಾಮಿ’ ಎಂದು ಕರೆದರು. ನೆಲೆ ತಪ್ಪಿದವರಿಗೆ ಬೇಸಾಯದ ಹಳ್ಳಿಗಳನ್ನು ಕಟ್ಟಿಕೊಟ್ಟನು. ಸಿಡುಬಿನ ದೇವಿ ಹಾಕುವ ಕ್ರಮ ನಮ್ಮ ದೇಶಕ್ಕೆ ಬಂದ ಹೊಸತರಲ್ಲಿಯೇ, ಜನರ ಅಂಜಿಕೆಯನ್ನು ಬಿಡಿಸಿ, ಸಾವಿರಾರು ಮಂದಿಗೆ ಅದನ್ನು ಹಾಕಿಸಿದನು.

ಇಷ್ಟನ್ನು ಹೇಳಿ ಸುಮ್ಮನಾದರೆ ಸ್ತುತಿಪಾಠವಾದೀತು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತು ದುಬುವಾ ಕೊಟ್ಟ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪೆನಿ ಹಣ ತೆತ್ತು ಕೊಂಡಿತು. ಅದರ ಇಂಗ್ಲಿಷ್ ಅನುವಾದ 1816ರಲ್ಲಿ ಅಚ್ಚಾಯಿತು. ಅದರಲ್ಲಿ ನಮ್ಮನ್ನು ಕುರಿತ ನಿಂದೆಗೆ ಬರವಿಲ್ಲ. ಅದರ ಬಹುಭಾಗ ಅವನಿಗಿಂತ ಹಿಂದಿನ ಕರ್ದು ಎಂಬ ಪಾದ್ರಿಯ ಬರಹವನ್ನು ಆಧರಿಸಿದುದೆಂದು ಇಪ್ಪತ್ತನೆಯ ಶತಮಾನದ ಸಂಶೋಧನೆ ತೋರಿಸಿಕೊಟ್ಟಿದೆ. 1823ರಲ್ಲಿ ಭಾರತವನ್ನು ಬಿಟ್ಟುಹೋದ ಆತ, ಹಿಂದೂಗಳ ಮತಾಂತರ ಆಗದ ಮಾತೆಂದು ಅದೇ ವರ್ಷ ಹೊರಬಂದ ತನ್ನ ಪತ್ರಗಳಲ್ಲಿ ಒಪ್ಪಿಕೊಂಡನು.

ಕನ್ನಡ ಪಾಠ ಹೇಳುವ ನನಗೆ ಹೆಚ್ಚು ಪ್ರಿಯವಾದುದು ಅವನ ಮತ್ತೊಂದು ಕೆಲಸ. ಪ್ಯಾರಿಸಿಗೆ ಹಿಂದಿರುಗಿದ ಮೇಲೆ, 1826ರಲ್ಲಿ, ಅವನು ಪಂಚತಂತ್ರವನ್ನು ಫ್ರೆಂಚಿಗೆ ತಂದನು. ತಮಿಳು ತೆಲುಗುಗಳ ಪ್ರತಿಗಳೊಡನೆ ಕನ್ನಡದ ಪ್ರತಿಯನ್ನೂ ಇಟ್ಟುಕೊಂಡು ಮಾಡಿದ ಅನುವಾದವದು. ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿಯೇ ಕನ್ನಡಕ್ಕೆ ತಂದ ಕಥೆಗಳಿವು. ಕಾವೇರಿಯ ದಂಡೆಯಲ್ಲಿ ನಮ್ಮ ನಿಂದೆಯನ್ನು ಬರೆದ ಕೈಯೇ ನಮ್ಮ ನರಿ, ಕಾಗೆಗಳ ಮಾತನ್ನು ಸೇನ್ ನದಿಯ ದಂಡೆಗೆ ಒಯ್ದಿತು.

ಹಾಗಾದರೆ ಅವನ ಇಗರ್ಜಿ ನಮ್ಮ ಪರಂಪರೆಗೆ ಸೇರಿತೋ ಇಲ್ಲವೋ? ಸೇರಿತೆಂದೇ ನನ್ನ ಅಭಿಪ್ರಾಯ. ನಮ್ಮನ್ನು ಹೊಗಳಿದವರ ಗುರುತುಗಳನ್ನು ಮಾತ್ರ ಉಳಿಸಿಕೊಂಡರೆ ಅದು ಚರಿತ್ರೆಯಾಗದು. ಆಲ್ಪ್ಸ್ ಪರ್ವತದ ಕಣಿವೆಗಳಲ್ಲಿ ಪುಟ್ಟ ಹಳ್ಳಿಯ ಇಗರ್ಜಿಯೇ ಊರಿನ ಚರಿತ್ರೆಯ ಕಣಜ. ಜ್ಞಾನಸ್ನಾನ, ಮದುವೆಗಳನ್ನು ಬರೆದಿಡಬೇಕೆಂದು 1563ರಲ್ಲಿ ಟ್ರೆಂಟ್ ನಗರದ ಧರ್ಮಸಭೆ ವಿಧಿಸಿದ ಮೇಲೆ ಕುರುಬ ಕಮ್ಮಾರರ ಹೆಸರೂ ಪುಸ್ತಕವೇರಿತು. ನಮ್ಮ ಶಾಸನಗಳಲ್ಲಿ ದೊರೆಯ ಬಿರುದು, ದತ್ತಿಯ ಎಲ್ಲೆ, ಹೋರಾಡಿ ಮಡಿದ ವೀರನ ಹೆಸರು ಸಿಗುತ್ತವೆ. ಹುಟ್ಟಿ, ಮದುವೆಯಾಗಿ, ಸದ್ದಿಲ್ಲದೆ ಬಾಳಿ ಹೋದ ಒಕ್ಕಲಿನವನ ಹೆಸರು ಸಿಗುವುದು ಅಪರೂಪ. ಹಳೆಯ ಇಗರ್ಜಿಗಳ ದಫ್ತರಗಳೂ ಗೋರಿಕಲ್ಲುಗಳೂ ಆ ಕೊರತೆಯನ್ನು ಕೊಂಚವಾದರೂ ತುಂಬಬಲ್ಲುವು.

ಕಾಗದಕ್ಕೆ ಗೆದ್ದಲು, ಕಲ್ಲಿಗೆ ಮಳೆಬಿಸಿಲು. ಎರಡೂ ನಮಗಾಗಿ ಕಾಯುವುದಿಲ್ಲ. ದೇವಸ್ಥಾನದ ಕಲ್ಬರಹವನ್ನು ಪಡಿಯಚ್ಚು ತೆಗೆಯುವಷ್ಟೇ ಶ್ರದ್ಧೆಯಿಂದ ನಮ್ಮ ವಿದ್ಯಾರ್ಥಿಗಳು ಈ ಹೆಸರುಗಳನ್ನೂ ನಕಲು ಮಾಡಿಟ್ಟರೆ, ಮೈಸೂರು ಸೀಮೆಯ ಚರಿತ್ರೆಗೆ ಇನ್ನಷ್ಟು ಮನೆತನಗಳು ಸೇರಿಕೊಂಡಾವು.