ಮನೆಯಲ್ಲೇ ಸಾಬೂನು: ಎಣ್ಣೆ ಬದಲಾದರೆ ಸೋಡಾದ ಲೆಕ್ಕವೂ ಬದಲು



ಮನೆಯಲ್ಲಿ ಸಾಬೂನು ಮಾಡುವ ವಿಧಾನವನ್ನು ಅಳತೆ ಸಮೇತ ಹಾಕಿ ಎಂದು ಹಲವರು ಕೇಳಿದ್ದೀರಿ. ಅದಕ್ಕೂ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ನನ್ನ ತಂಗಿ ಮದುವೆಯಾಗಿ ಸೊಲ್ಲಾಪುರ ಸೇರಿದವಳು. ಕೆಲವು ವರ್ಷಗಳ ಹಿಂದೆ ಫೋನ್ ಮಾಡಿ, "ಅಣ್ಣಾ, ನಮ್ಮ ಮನೆಯ ಬಟ್ಟೆ ಸಾಬೂನಿನ ಅಳತೆ ಹೇಳು" ಎಂದಳು. ಅರ್ಧ ಕಿಲೋ ಎಣ್ಣೆಗೆ 87 ಗ್ರಾಂ ಕಾಸ್ಟಿಕ್ ಸೋಡಾ ಎಂದೆ. ನಮ್ಮ ಕಾಸರಗೋಡಿನಲ್ಲಿ ಎಣ್ಣೆ ಎಂದರೆ ತೆಂಗಿನೆಣ್ಣೆ. ಅವಳ ಮನೆಯಲ್ಲಿ ಇದ್ದದ್ದು ಶೇಂಗಾ ಎಣ್ಣೆ. ಸಾಬೂನಿನ ಮೇಲೆ ಬಿಳಿ ಪುಡಿ ಎದ್ದಿತು. ಬಟ್ಟೆ ಒಗೆದ ಕೈ ಕೆಂಪಾಗಿ ಉರಿಯಿತು. ಗುಮಾಸ್ತನಾಗಿ ನಿವೃತ್ತನಾದ ನಾನೇ ಬಾಬತ್ತು ಹೇಳದೆ ಅಂಕಿ ಮಾತ್ರ ಹೇಳಿದ್ದೆ.

ಸಾಬೂನು ಆಗುವ ಬಗೆ

ಎಣ್ಣೆಯಾಗಲಿ ಪ್ರಾಣಿಗಳ ಕೊಬ್ಬಾಗಲಿ, ಕ್ಷಾರ ಸೇರಿದಾಗ ಒಡೆದು ಸಾಬೂನು ಮತ್ತು ಗ್ಲಿಸರಿನ್ ಆಗುತ್ತದೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೆಲ್ ಅವರು 1823ರ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿದರು. ಕಟ್ಟಿಗೆಯ ಬೂದಿ ನೀರಿನಲ್ಲಿ ಪೊಟ್ಯಾಷ್ ಇರುವುದರಿಂದ ಅದರ ಸಾಬೂನು ಮೆತ್ತಗೆ. ಗಟ್ಟಿ ಸಾಬೂನಿಗೆ ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್ ಬೇಕು. ಒಗೆಯುವ ಸೋಡಾ, ಅಡುಗೆ ಸೋಡಾ ಇದಕ್ಕೆ ಆಗುವುದಿಲ್ಲ. ಮೋರಿ ಸ್ವಚ್ಛ ಮಾಡುವ ಪುಡಿಯಲ್ಲಿ ಬೇರೆ ವಸ್ತುಗಳು ಬೆರೆತಿರಬಹುದು, ಅದೂ ಬೇಡ.

ಎಣ್ಣೆವಾರು ಲೆಕ್ಕ

100 ಗ್ರಾಂ ಎಣ್ಣೆ ಪೂರ್ತಿ ಸಾಬೂನಾಗಲು ಬೇಕಾಗುವ ಕಾಸ್ಟಿಕ್ ಸೋಡಾ, ಸುಮಾರು:

ತೆಂಗಿನೆಣ್ಣೆ – 18.3 ಗ್ರಾಂ
ಶೇಂಗಾ (ನೆಲಗಡಲೆ) ಎಣ್ಣೆ – 13.6 ಗ್ರಾಂ
ಹರಳೆಣ್ಣೆ (ಔಡಲ ಎಣ್ಣೆ) – 12.8 ಗ್ರಾಂ

ಬಂದ ಮೊತ್ತದಲ್ಲಿ ನೂರಕ್ಕೆ ಐದರಷ್ಟು ಕಡಿಮೆ ಹಾಕಬೇಕು. ಆಗ ಸ್ವಲ್ಪ ಎಣ್ಣೆ ಉಳಿಯುತ್ತದೆ, ಕ್ಷಾರ ಉಳಿಯುವುದಿಲ್ಲ. ಈ ಪ್ರಕಾರ 500 ಗ್ರಾಂ ಶೇಂಗಾ ಎಣ್ಣೆಗೆ 64 ಗ್ರಾಂ ಸಾಕಿತ್ತು. ತಂಗಿ ನನ್ನ ಮಾತು ನಂಬಿ 87 ಹಾಕಿದ್ದಳು.

ಮೈ ಸಾಬೂನಿಗೆ ಒಂದು ಅಳತೆ

ತೆಂಗಿನೆಣ್ಣೆ 300 ಗ್ರಾಂ, ಶೇಂಗಾ ಎಣ್ಣೆ 150 ಗ್ರಾಂ, ಹರಳೆಣ್ಣೆ 50 ಗ್ರಾಂ, ಕಾಸ್ಟಿಕ್ ಸೋಡಾ 77 ಗ್ರಾಂ, ನೀರು 170 ಗ್ರಾಂ. ಎಲ್ಲವನ್ನೂ ತಕ್ಕಡಿಯಲ್ಲೇ ತೂಗಬೇಕು. ಲೋಟ, ಚಮಚದ ಅಳತೆ ಬೇಡ.

1. ಕೈಗವಸು, ಕನ್ನಡಕ ಹಾಕಿ, ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ. ಮಕ್ಕಳು ಹತ್ತಿರ ಇರಬಾರದು. ಸ್ಟೀಲ್ ಪಾತ್ರೆ ಬಳಸಿ. ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ತಿನ್ನುತ್ತದೆ.
2. ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಸೋಡಾದ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ನೀರು ತುಂಬಾ ಬಿಸಿಯಾಗುತ್ತದೆ, ಹೊಗೆ ಬರುತ್ತದೆ. ಮೂಗಿಗೆ ತಾಗದಂತೆ ನಿಲ್ಲಿ.
3. ಸೋಡಾ ನೀರು ಆರಿ ಉಗುರು ಬೆಚ್ಚಗಾದ ಮೇಲೆ, ಅಷ್ಟೇ ಬೆಚ್ಚಗಿರುವ ಎಣ್ಣೆಗೆ ನಿಧಾನವಾಗಿ ಸುರಿದು ಕದಡಿ. ಬಿಸಿ ಎಷ್ಟಿದೆ ಎಂದು ಹೊರಗಿನಿಂದ ಪಾತ್ರೆ ಮುಟ್ಟಿ ನೋಡಿ, ನೀರಿಗೆ ಬೆರಳು ಹಾಕಬೇಡಿ.
4. ದೋಸೆ ಹಿಟ್ಟಿನ ಹದ ಬಂದಾಗ ಅಚ್ಚಿಗೆ ಹೊಯ್ಯಿರಿ. ಮರುದಿನ ಕೈಗವಸು ಹಾಕಿಕೊಂಡೇ ಕತ್ತರಿಸಿ.
5. ಗಾಳಿಯಾಡುವ ನೆರಳಿನಲ್ಲಿ ನಾಲ್ಕರಿಂದ ಆರು ವಾರ ಒಣಗಿಸಿ. ಮೊದಲು ಸಣ್ಣ ತುಂಡಿನಿಂದ ಕೈ ತೊಳೆದು ನೋಡಿ. ಉರಿ ಬಂದರೆ ಬಳಸಬೇಡಿ.

ಕ್ಷಾರ ಮೈಗೆ ತಾಗಿದರೆ ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷವಾದರೂ ತೊಳೆಯಬೇಕು. ನಿಂಬೆರಸ, ವಿನೆಗರ್ ಹಚ್ಚಬಾರದು. ಕಣ್ಣಿಗೆ ಬಿದ್ದರೆ ಹೀಗೆಯೇ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.

ನಮ್ಮ ಸದಸ್ಯರು ಹಲವು ಊರಿನವರು. ಒಂದು ಕಡೆ ತೆಂಗು, ಇನ್ನೊಂದು ಕಡೆ ಶೇಂಗಾ. ಈ ಅಳತೆಯನ್ನು ಬಂಧುಗಳಿಗೆ ಕಳಿಸುವಾಗ ದಯವಿಟ್ಟು ಎಣ್ಣೆಯ ಹೆಸರನ್ನೂ ಬರೆದು ಕಳಿಸಿ. ತಂಗಿ ಈಗ ಚೆನ್ನಾಗಿ ಸಾಬೂನು ಮಾಡುತ್ತಾಳೆ, ನಾನು ಅಳತೆ ಹೇಳಿದರೆ ಮಾತ್ರ "ಯಾವ ಎಣ್ಣೆಗೆ ಅಣ್ಣಾ?" ಎಂದು ಮೊದಲು ಕೇಳುತ್ತಾಳೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ